ರೊಟ್ಟಿ ತಟ್ಟುವ ಮಷೀನ್: ಕೊಪ್ಪಳದ ಕಡೆ ಮೊದಲ ಉದ್ಯೋಗ ಹೂಡುವವರು ಮುಂಗಡ ಕೊಡುವ ಮುಂಚೆ

ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಓದು ಮುಗಿಸಿ ಸ್ವಂತದ್ದೇನಾದರೂ ಮಾಡಬೇಕೆನ್ನುವ ಹುಡುಗ-ಹುಡುಗಿಯರ ತಲೆಯಲ್ಲಿ ರೊಟ್ಟಿ ಕೇಂದ್ರ ಒಮ್ಮೆಯಾದರೂ ಬಂದು ಹೋಗುತ್ತದೆ. ಜೋಳ ಊರಲ್ಲೇ ಸಿಗುತ್ತದೆ, ತಿನ್ನುವವರು ಬೆಂಗಳೂರಿನಲ್ಲೂ ಇದ್ದಾರೆ, ಪೇಟೆಯ ನಡುವೆ ಅಂಗಡಿ ಹಿಡಿಯುವ ತಾಪತ್ರಯ ಇಲ್ಲ. ಅಷ್ಟರಲ್ಲಿ ಮೊಬೈಲಿಗೆ ಒಂದು ವಿಡಿಯೊ ಬರುತ್ತದೆ: ಹಿಟ್ಟಿನ ಉಂಡಿ ಇಟ್ಟರೆ ತಟ್ಟೆ ಗಿರ್ರನೆ ತಿರುಗಿ ಹುಣ್ಣಿಮೆ ಚಂದ್ರನಂಥ ರೊಟ್ಟಿ. ಕೆಳಗೆ 'ಗಂಟೆಗೆ 200' ಎಂಬ ಬರಹ, ಒಂದು ಫೋನ್ ನಂಬರ್. ಆ ನಂಬರಿಗೆ ಮುಂಗಡ ಕಳಿಸುವ ಮುಂಚೆ ಈ ಮಷೀನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಬಿಡಿಸಿ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಯಾವುದೋ ಒಂದು ಕಂಪನಿಯ ಮಾಲಿನ ಬಗ್ಗೆ ಅಲ್ಲ. ನಮ್ಮ ಕಡೆ ಫ್ಯಾಬ್ರಿಕೇಶನ್ ಮಾಡುವವರು ಕಟ್ಟಿ ಮಾರುವ ಸಣ್ಣ ಸೆಮಿ ಆಟೊಮ್ಯಾಟಿಕ್ ಮಷೀನ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ತರಹದ್ದು. ಅರ್ಧ ಎಚ್‌ಪಿ ಆಸುಪಾಸಿನ ಸಿಂಗಲ್ ಫೇಸ್ ಮೋಟಾರು, ಬೆಲ್ಟು ಅಥವಾ ಗೇರ್‌ಬಾಕ್ಸು, ತಿರುಗುವ ಸ್ಟೀಲಿನ ತಟ್ಟೆ, ಅದರ ಮೇಲೆ ಒತ್ತುವ ರೋಲರು, ರೋಲರಿಗೂ ತಟ್ಟೆಗೂ ನಡುವಿನ ಸಂದು ಹೆಚ್ಚುಕಡಿಮೆ ಮಾಡುವ ಸ್ಕ್ರೂ. ಇಷ್ಟೇ. ಹಿಟ್ಟು ನಾದುವುದು, ಉಂಡಿ ಕಟ್ಟುವುದು, ಒಣಹಿಟ್ಟು ಉದುರಿಸುವುದು, ರೊಟ್ಟಿ ಎತ್ತಿ ಹಂಚಿಗೆ ಹಾಕುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಮನುಷ್ಯರ ಕೆಲಸವಾಗಿಯೇ ಉಳಿಯುತ್ತವೆ.

ವೇಗದ ಮಾತು

'ಗಂಟೆಗೆ 200' ಸುಳ್ಳಲ್ಲ, ಆದರೆ ಅದು ಬರೀ ತಟ್ಟೆ ತಿರುಗುವ ಹೊತ್ತನ್ನು ಎಣಿಸಿದ ಲೆಕ್ಕ. ಉಂಡಿ ಇಟ್ಟು, ಹಿಟ್ಟು ಉದುರಿಸಿ, ತಟ್ಟಿಸಿ, ಅಂಚು ಒಡೆಯದಂತೆ ಎತ್ತಿ ಪಕ್ಕಕ್ಕಿಡಲು ಒಂದು ರೊಟ್ಟಿಗೆ 30 ಸೆಕೆಂಡು ಹಿಡಿದರೆ ಗಂಟೆಗೆ 120. ದಿನವಿಡೀ ನಿಲ್ಲುವ ವೇಗ 100ರಿಂದ 110. ಖಡಕ್ ರೊಟ್ಟಿಗೆ ಒಂದು ಹಂಚಿನ ಮೇಲೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಅಂದರೆ ಒಂದು ಹಂಚಿನಿಂದ ಗಂಟೆಗೆ 25ರಿಂದ 28. ಮಷೀನ್ ತಟ್ಟಿದ್ದನ್ನು ಬೇಯಿಸಲು ನಾಲ್ಕು ಹಂಚು, ಅವನ್ನು ನೋಡಿಕೊಳ್ಳಲು ಇಬ್ಬರು ಬೇಕು. ಒಂದೇ ಹಂಚು ಇಟ್ಟುಕೊಂಡು ಮಷೀನ್ ತಂದವರ ಮನೆಯಲ್ಲಿ ತಟ್ಟಿದ ಹಸಿ ರೊಟ್ಟಿ ಒಂದರ ಮೇಲೊಂದು ಕೂತು, ಅಂಟಿಕೊಂಡು, ಮತ್ತೆ ಮುದ್ದೆಯಾಗುತ್ತದೆ.

ಇನ್ನೊಂದು ಸತ್ಯವನ್ನು ಮಾರುವವರು ಹೇಳುವುದಿಲ್ಲ. ಪಳಗಿದ ಕೈಯ ಒಬ್ಬ ಹೆಣ್ಣುಮಗಳು ತಾನೇ ತಟ್ಟಿ ತಾನೇ ಬೇಯಿಸಿ ಗಂಟೆಗೆ 30ಕ್ಕೂ ಮೇಲೆ ತೆಗೆಯುತ್ತಾಳೆ. ಅಂಥ ಮೂವರು ಕೂತರೆ ಮಷೀನಿನಷ್ಟೇ ಆಯಿತು. ಹಾಗಾದರೆ ಮಷೀನ್ ಯಾಕೆ? ಆ ವೇಗ ಮೂರನೇ ತಾಸಿಗೆ ಇಳಿಯುತ್ತದೆ, ಭುಜ ಸೋಲುತ್ತದೆ. ಪಳಗಿದ ಕೈಗಳು ಮದುವೆ ಸುಗ್ಗಿಯಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಸಿಗುವುದಿಲ್ಲ. ಮಷೀನ್ ಮುಂದೆ ಹೊಸಬರನ್ನು ನಿಲ್ಲಿಸಿದರೆ ನಾಲ್ಕೈದು ದಿನದಲ್ಲಿ ಹದ ಸಿಗುತ್ತದೆ. ಮೇಲಾಗಿ ಪ್ರತಿ ರೊಟ್ಟಿಯ ಅಳತೆ, ದಪ್ಪ ಒಂದೇ ಇರುತ್ತದೆ. ಪ್ಯಾಕೆಟ್ ಮಾಡಿ ತೂಕ ಬರೆದು ಮಾರುವವರಿಗೆ ಇದು ದೊಡ್ಡ ಅನುಕೂಲ. ಮಷೀನಿಗೆ ಕೊಡುವ ದುಡ್ಡು ಈ ಸಮತೆಗೆ, ವೇಗಕ್ಕಲ್ಲ ಅಂತ ತಿಳಿದು ಕೊಟ್ಟರೆ ಮುಂದೆ ಬೇಸರ ಆಗುವುದಿಲ್ಲ.

ಹಿಟ್ಟು ಸರಿ ಇಲ್ಲದಿದ್ದರೆ

ಮಷೀನ್ ಬಂದ ಮೊದಲ ವಾರದ ದೂರುಗಳಲ್ಲಿ ಹೆಚ್ಚಿನವು ಮಷೀನಿನವಲ್ಲ, ಹಿಟ್ಟಿನವು. ಗೋಧಿಯಲ್ಲಿರುವ ನಾರುಬಂಧ, ಅಂದರೆ ಗ್ಲುಟೆನ್, ಜೋಳದಲ್ಲಿ ಇಲ್ಲ. ಜೋಳದ ಹಿಟ್ಟಿಗೆ ಜಿಗಿ ಬರುವುದು ಎಸರಿನಿಂದ: ಕುದಿಯುವ ನೀರು ತಾಗಿದಾಗ ಪಿಷ್ಟ ಅರಳಿ ಅಂಟಾಗುತ್ತದೆ. ನೀರು ಬರೀ ಬಿಸಿ ಇದ್ದರೆ ಅರ್ಧ ಪಿಷ್ಟ ಅರಳದೆ ಉಳಿದು ರೋಲರಿನ ಕೆಳಗೆ ಅಂಚು ಸೀಳುತ್ತದೆ. ಕೈಯಲ್ಲಿ ತಟ್ಟುವವರು ಸೀಳಿದಲ್ಲಿ ಬೆರಳಿನಿಂದ ಸವರಿ ಕೂಡಿಸುತ್ತಾರೆ. ರೋಲರಿಗೆ ಆ ಜಾಣತನ ಇಲ್ಲ.

ಮಷೀನಿಗೆ ಹೊಂದುವ ಅಳತೆ ಹೀಗೆ. 2 ಕೆಜಿ ಹಿಟ್ಟಿಗೆ ಸುಮಾರು 1.8 ಲೀಟರ್ ನೀರು. ಅದರಲ್ಲಿ 1.5 ಲೀಟರ್ ತಳತಳ ಕುದಿಸಿ, ಹಿಟ್ಟಿನ ನಡುವೆ ಗುಣಿ ಮಾಡಿ ಹೊಯ್ದು, ಕಟ್ಟಿಗೆ ಹುಟ್ಟಿನಿಂದ ಕಲಸಿ, ಐದು ನಿಮಿಷ ಮುಚ್ಚಿಡಬೇಕು. ಉಳಿದ ನೀರನ್ನು ನಾದುವಾಗ ಚಿಮುಕಿಸುತ್ತಾ ಹೋಗುವುದು. ಕೈರೊಟ್ಟಿಯ ಹಿಟ್ಟಿಗಿಂತ ಇದು ತುಸು ಬಿಗಿಯಾಗಿರಬೇಕು. ಕೈಯ ಹದಕ್ಕೇ ಮೆತ್ತಗೆ ನಾದಿದರೆ ರೋಲರಿಗೆ ಅಂಟುತ್ತದೆ. ಅಂಟುತ್ತದೆಂದು ಒಣಹಿಟ್ಟು ಮೇಲೆ ಮೇಲೆ ಉದುರಿಸಿದರೆ ಅದು ಹಂಚಿನ ಮೇಲೆ ಸುಟ್ಟು, ಕೋಣೆ ತುಂಬ ಹೊಗೆ, ರೊಟ್ಟಿಗೆ ಕಮಟು ಕಹಿ. ಮಷೀನಿನ ರೊಟ್ಟಿ ಉಬ್ಬುವುದಿಲ್ಲ ಎನ್ನುವವರ ತಪ್ಪೂ ಬಹಳ ಸಲ ಇದೇ: ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಯನ್ನು ಒದ್ದೆ ಅರಿವೆಯಿಂದ ಪೂರ್ತಿ ಸವರದೆ ಬಿಟ್ಟಿರುತ್ತಾರೆ. ಉದುರು ಹಿಟ್ಟು ಹಾಗೇ ಉಳಿದಲ್ಲಿ ಬಿಳಿ ಕಲೆ, ಬಿರುಕು. ಬಿರುಕಿನಿಂದ ಉಗಿ ಹೊರಗೆ.

ನಾದಿದ ಹಿಟ್ಟು 20-25 ನಿಮಿಷದೊಳಗೆ ಮುಗಿಯಬೇಕು. ತಣಿದಂತೆ ಬಿರುಸಾಗಿ ಅಂಚು ಒಡೆಯುತ್ತದೆ. ಹಾಗಾಗಿ ಬೆಳಿಗ್ಗೆ ಒಂದೇ ಸಲ 10 ಕೆಜಿ ನಾದಿಡುವ ಯೋಚನೆ ಬೇಡ. ಗಂಟೆಗೆ 110 ರೊಟ್ಟಿ ಅಂದರೆ ಐದೂವರೆ ಕೆಜಿ ಹಿಟ್ಟು. 2 ಕೆಜಿಯ ಒಂದು ಸರತಿ 20 ನಿಮಿಷಕ್ಕೆ ಸರಿಯಾಗಿ ಖರ್ಚಾಗುತ್ತದೆ.

ಇನ್ನು ಜೋಳ. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ಎಂದು ಕರೆಯುವ ಎಂ 35-1, ಬಣ್ಣಕ್ಕೂ ಜಿಗಿಗೂ ಒಳ್ಳೆಯದು. ಮುಂಗಾರಿ ಹೈಬ್ರಿಡ್ ಕ್ವಿಂಟಲ್‌ಗೆ ಅಗ್ಗ ಸಿಗುತ್ತದೆ, ಆದರೆ ತೆನೆ ಮಳೆಗೆ ಸಿಕ್ಕು ಕಾಳು ಕಪ್ಪಾಗಿದ್ದರೆ ರೊಟ್ಟಿಯೂ ಕಪ್ಪು, ರುಚಿಯೂ ಮುಗ್ಗು. ಹಿಂಗಾರಿ ಮಾಲು ಪೇಟೆಗೆ ಬರುವುದು ಫೆಬ್ರುವರಿ-ಮಾರ್ಚಿನಲ್ಲಿ. ಕೈಯಲ್ಲಿ ದುಡ್ಡಿದ್ದರೆ ಆಗಲೇ 10-15 ಕ್ವಿಂಟಲ್ ಒಣಗಿಸಿ ಇಟ್ಟುಕೊಳ್ಳುವುದು ಲಾಭ. ಕಾಳು ಇಡಿ, ಹಿಟ್ಟು ಇಡಬೇಡಿ. ಜೋಳದಲ್ಲಿ ಎಣ್ಣೆಯ ಅಂಶ ಇದೆ, ಬೀಸಿದ ಮೇಲೆ ನಮ್ಮ ಕಡೆಯ ಬಿಸಿಲಿಗೆ ಬೇಗ ಕಹಿ ಹತ್ತುತ್ತದೆ, ಜಿಗಿಯೂ ಇಳಿಯುತ್ತದೆ. ಮೂರ್ನಾಲ್ಕು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಗಿರಣಿಯಲ್ಲಿ ನಿಮ್ಮ ಮುಂಚೆ ಗೋಧಿ ಬೀಸಿದ್ದರೆ ಮೊದಲ ಎರಡು ಕೆಜಿಯನ್ನು ಬೇರೆ ತೆಗೆಯಿರಿ. ಗೋಧಿ ಆಗದವರೇ ಜೋಳದ ರೊಟ್ಟಿಯನ್ನು ಹುಡುಕಿಕೊಂಡು ಬರುತ್ತಾರೆ.

ಕೊಳ್ಳುವ ದಿನ

ಮಾರುವವರ ವರ್ಕ್‌ಶಾಪಿಗೆ ಹೋಗುವಾಗ ನಿಮ್ಮದೇ ಜೋಳದ ಹಿಟ್ಟು 5 ಕೆಜಿ ಒಯ್ಯಿರಿ. ಅವರ ಹಿಟ್ಟಿನಲ್ಲಿ ತೋರಿಸಿದ ಪ್ರಾತ್ಯಕ್ಷಿಕೆಗೆ ಬೆಲೆ ಕೊಡಬೇಡಿ, ಅದರಲ್ಲಿ ಗೋಧಿ ಬೆರೆತಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ನಿಮ್ಮ ಕೈಯಿಂದಲೇ 50 ರೊಟ್ಟಿ ತೆಗೆಯಿರಿ. 90 ಗ್ರಾಂ ಉಂಡಿ 9 ಇಂಚಿಗೆ ಹರಡಿದರೆ ದಪ್ಪ 2 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ನಾಲ್ಕು ಅಂಚು ಮತ್ತು ನಡುವೆ ಅಳೆದು ನೋಡಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಅಂದರೆ ರೋಲರು ಸಮಕ್ಕಿಲ್ಲ. ಸ್ಕ್ರೂ ತಿರುಗಿಸಿ ಸರಿಮಾಡಿದ ಮೇಲೆ ಹತ್ತು ರೊಟ್ಟಿಯ ನಂತರ ಮತ್ತೆ ಹಾಗೇ ಆದರೆ ಚೌಕಟ್ಟೇ ಸಡಿಲ, ಅದನ್ನು ಬಿಟ್ಟು ಮುಂದಕ್ಕೆ ನಡೆಯಿರಿ. 50ರಲ್ಲಿ ಎರಡು ಮೂರು ಕೆಟ್ಟರೆ ಅಡ್ಡಿಯಿಲ್ಲ.

ಸ್ಟೀಲಿನ ವಿಷಯದಲ್ಲಿ ಮ್ಯಾಗ್ನೆಟ್ ಹಚ್ಚಿ ತೋರಿಸುವುದು ಹಳೆಯ ಆಟ. ಆಹಾರದ ಕೆಲಸಕ್ಕೆ ಒಪ್ಪುವ 304 ದರ್ಜೆಯ ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ನಿಜ. ಅಗ್ಗದ 202ಕ್ಕೂ ಅಂಟುವುದಿಲ್ಲ. ಹಿಟ್ಟು ತಾಗುವ ಭಾಗವೆಲ್ಲ 304 ಎಂದು ಬಿಲ್ಲಿನಲ್ಲಿ ಬರೆಸುವುದೊಂದೇ ದಾರಿ. ಬೆಸುಗೆ ಹಾಕಿದ ಸಂದುಗಳಲ್ಲಿ ಬೆರಳಾಡಿಸಿ ನೋಡಿ: ಒರಟಿದ್ದರೆ ಅಲ್ಲಿ ಹಿಟ್ಟು ಕೂತು, ಒಣಗಿ, ಮರುದಿನ ಹುಳಿ ವಾಸನೆ. ರೋಲರು ಸ್ಕ್ರೂ ಬಿಚ್ಚಿ ಕೈಯಿಂದ ಹೊರಗೆ ಬರಬೇಕು. ತೊಳೆಯಲು ಪಾನಾ-ಪಕ್ಕಡ ಬೇಕಾದ ಮಷೀನನ್ನು ಒಂದು ವಾರದ ಮೇಲೆ ಯಾರೂ ತೊಳೆಯುವುದಿಲ್ಲ.

ಬೆಲ್ಟಿಗೆ ಪೂರ್ತಿ ಜಾಲರಿ ಮುಚ್ಚಳ, ಕೈಗೆ ಎಟುಕುವ ಜಾಗದಲ್ಲಿ ಆಫ್ ಸ್ವಿಚ್ಚು, ಅರ್ತಿಂಗ್ ವೈರು, ಇವು ಮೂರಿಲ್ಲದಿದ್ದರೆ ಬೇಡ. ಸೀರೆ ಸೆರಗು, ದುಪಟ್ಟಾ ಬೆಲ್ಟಿಗೆ ಸಿಗುವುದು ಬರೀ ಭಯದ ಮಾತಲ್ಲ.

ಶೀಟ್ ಎಳೆದು ಅಚ್ಚಿನಿಂದ ಗುಂಡಗೆ ಕತ್ತರಿಸುವ ದೊಡ್ಡ ಮಷೀನುಗಳೂ ಇವೆ, ಅವು ಗಂಟೆಗೆ ನೂರಾರು ಕೊಡುತ್ತವೆ. ಮೊದಲ ಸಲದವರಿಗೆ ಇದು ಬೇಡವೇ ಬೇಡ. ಶುದ್ಧ ಜೋಳದ ಶೀಟ್ ಹರಿಯುತ್ತದೆ; ಹರಿಯಬಾರದೆಂದು ಗೋಧಿಯೋ ಮೈದಾವೋ ಸೇರಿಸುವುದು ಶುರುವಾಗುತ್ತದೆ. ಸೇರಿಸಿದರೆ ಪ್ಯಾಕೆಟ್ ಮೇಲೆ ಬರೆಯಲೇಬೇಕು, ಬರೆದರೆ ಅದು ಜೋಳದ ರೊಟ್ಟಿಯಾಗಿ ಉಳಿಯುವುದಿಲ್ಲ.

ಮೊದಲು ಯಾವುದು?

ನಮ್ಮ ಲೆಕ್ಕದಲ್ಲಿ ತಟ್ಟುವ ಮಷೀನ್ ನಾಲ್ಕನೆಯದು. ಮೊದಲು ಗ್ರಾಂ ತೋರಿಸುವ ತಕ್ಕಡಿ. ಆಮೇಲೆ ನಾಲ್ಕು ಒಲೆ, ನಾಲ್ಕು ದಪ್ಪ ಕಬ್ಬಿಣದ ಹಂಚು. ಮೂರನೆಯದು ಹಿಟ್ಟು ನಾದುವ ಮಷೀನ್. 20 ನಿಮಿಷಕ್ಕೊಮ್ಮೆ 2 ಕೆಜಿ ಹಿಟ್ಟನ್ನು ಕೈಯಲ್ಲಿ ನಾದುತ್ತಾ ಆರು ತಾಸು ಕೂರುವುದು ತಟ್ಟುವುದಕ್ಕಿಂತ ಕಷ್ಟ. ಅದಕ್ಕೇ ಒಬ್ಬ ಆಳು ಬೇಕಾಗುತ್ತದೆ. ನಾದುವ ಮಷೀನ್ ಇದ್ದರೆ ಮೂವರಲ್ಲಿ ಕೆಲಸ ಸಾಗುತ್ತದೆ, ಇಲ್ಲದಿದ್ದರೆ ನಾಲ್ವರು. ತಟ್ಟುವ ಮಷೀನಿಗೆ ಸಿಗುವ ಹೊಗಳಿಕೆ ನಾದುವ ಮಷೀನಿಗೆ ಸಿಗುವುದಿಲ್ಲ, ವಿಡಿಯೊದಲ್ಲಿ ಅದು ಚೆಂದ ಕಾಣುವುದಿಲ್ಲ ನೋಡಿ.

ರೊಟ್ಟಿಗೆ ಎಷ್ಟು ಬೀಳುತ್ತದೆ

ಧಾರಣೆ ವಾರವಾರಕ್ಕೂ ಬದಲಾಗುವುದರಿಂದ ಇಲ್ಲಿಯ ಅಂಕಿಗಳನ್ನು ಬರೀ ಮಾದರಿ ಎಂದು ತೆಗೆದುಕೊಂಡು ನಿಮ್ಮ ಊರಿನ ದರ ಹಾಕಿ. ಜೋಳ ಕೆಜಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಕಸ, ಕಲ್ಲು ತೆಗೆದ ಮೇಲೆ 3 ಪರ್ಸೆಂಟ್ ಸೋರಿಕೆ, ಬೀಸುವ ಕೂಲಿ 5 ರೂಪಾಯಿ; ಹಿಟ್ಟು 46ಕ್ಕೆ ಬಿತ್ತು. ಕೆಜಿ ಹಿಟ್ಟು, 900 ಮಿಲಿಲೀಟರ್ ನೀರು ಸೇರಿ 1.9 ಕೆಜಿ ಮುದ್ದೆ, 90 ಗ್ರಾಂನಂತೆ 21 ಉಂಡಿ, ಉದುರು ಹಿಟ್ಟು ಮತ್ತು ಕೆಟ್ಟದ್ದು ಕಳೆದು 20 ರೊಟ್ಟಿ. ಒಂದಕ್ಕೆ ಹಿಟ್ಟಿನ ಖರ್ಚು 2.30.

ಗ್ಯಾಸು ಎಲ್ಲರೂ ಕಡಿಮೆ ಹಿಡಿಯುವ ಬಾಬು. ನಾಲ್ಕು ಒಲೆ ಸೇರಿ ಗಂಟೆಗೆ 800 ಗ್ರಾಂ ಉರಿದರೆ ರೊಟ್ಟಿಗೆ 7 ಗ್ರಾಂ. ಗ್ಯಾಸು ಕೆಜಿಗೆ 100 ರೂಪಾಯಿ ಎಂದರೆ 70 ಪೈಸೆ. ನಿಮ್ಮ ಒಲೆಯ ನಿಜವಾದ ಖರ್ಚು ತಿಳಿಯಲು ಸಿಲಿಂಡರನ್ನು ತೂಗಿ, 200 ರೊಟ್ಟಿ ಬೇಯಿಸಿ, ಮತ್ತೆ ತೂಗಿ. ಮನೆಯ 14.2 ಕೆಜಿ ಸಿಲಿಂಡರಿನಲ್ಲಿ ಮಾರಾಟದ ರೊಟ್ಟಿ ಬೇಯಿಸುವುದು ಕಾನೂನಿಗೆ ವಿರುದ್ಧ. 19 ಕೆಜಿಯ ಕಮರ್ಷಿಯಲ್ಲೇ ಬೇಕು. ಮನೆಯ ಸಿಲಿಂಡರಿನ ದರ ಹಿಡಿದು ರೊಟ್ಟಿಯ ಬೆಲೆ ಕಟ್ಟಿದವರು ಮೊದಲ ತಪಾಸಣೆಯ ದಿನವೇ ನಷ್ಟಕ್ಕೆ ಇಳಿಯುತ್ತಾರೆ.

ಮೂವರಿಗೆ ದಿನಕ್ಕೆ 400ರಂತೆ 1,200 ಕೂಲಿ, ದಿನದ ಉತ್ಪತ್ತಿ 550 ರೊಟ್ಟಿ, ಒಂದಕ್ಕೆ 2.20. ಕವರು, ಲೇಬಲ್ಲು 35 ಪೈಸೆ. ಒಡೆದದ್ದು 20 ಪೈಸೆ. ಕರೆಂಟು 5 ಪೈಸೆ. ಅರ್ಧ ಎಚ್‌ಪಿ ಮೋಟಾರು ಆರು ತಾಸು ತಿರುಗಿದರೂ ಎರಡು ಯೂನಿಟ್ ಚಿಲ್ಲರೆ. ಒಟ್ಟು 5.80. ಕಿರಾಣಿ ಅಂಗಡಿಗೆ 7 ರೂಪಾಯಿಗೆ ಹಾಕಿದರೆ ಉಳಿಯುವುದು 1.20, ದಿನಕ್ಕೆ 660, ತಿಂಗಳ 25 ದಿನಕ್ಕೆ 16,500. ಬಾಡಿಗೆ, ಓಡಾಟಕ್ಕೆ 5 ಸಾವಿರ. ಒಂದೂವರೆ ಲಕ್ಷ ಸಾಲವನ್ನು ಶೇ 11ರ ಬಡ್ಡಿಗೆ 5 ವರ್ಷಕ್ಕೆ ತೆಗೆದಿದ್ದರೆ ಕಂತು 3,260. ಕೈಗೆ 8 ಸಾವಿರದ ಆಸುಪಾಸು. ಮೂವರಲ್ಲಿ ಒಬ್ಬರು ನೀವೇ ಆಗಿ ದುಡಿದರೆ ನಿಮ್ಮ ಕೂಲಿ 10 ಸಾವಿರ ಸೇರಿ 18 ಸಾವಿರ. ಮೊದಲ ವರ್ಷ ಇದಕ್ಕಿಂತ ಜಾಸ್ತಿ ತೋರಿಸುವ ಪ್ರಾಜೆಕ್ಟ್ ರಿಪೋರ್ಟನ್ನು ಅನುಮಾನದಿಂದ ಓದಿ. ಲಾಭ ಹೆಚ್ಚುವುದು ಮಷೀನಿನ ವೇಗದಿಂದ ಅಲ್ಲ, ಗಿರಾಕಿಗೆ ನೇರವಾಗಿ ಮುಟ್ಟಿಸುವುದರಿಂದ: 7ರ ಬದಲು 9ಕ್ಕೆ ದಿನಕ್ಕೆ 100 ರೊಟ್ಟಿ ಹೋದರೂ ತಿಂಗಳಿಗೆ 5 ಸಾವಿರ ಕೂಡುತ್ತದೆ.

ಮತ್ತು ಉದ್ರಿ. ಅಂಗಡಿಯವರು 'ಹದಿನೈದು ದಿನಕ್ಕೊಮ್ಮೆ ಲೆಕ್ಕ ಮಾಡೋಣ, ತಮ್ಮಾ' ಅನ್ನುತ್ತಾರೆ. ಹದಿನೈದು ದಿನದಲ್ಲಿ 13 ದಿನದ ಮಾಲು, ದಿನಕ್ಕೆ 550, ತಲಾ 7 ರೂಪಾಯಿ: 50 ಸಾವಿರ ರೂಪಾಯಿ ಊರ ಅಂಗಡಿಗಳಲ್ಲಿ ಕೂತಿರುತ್ತದೆ. ಈ ದುಡ್ಡು ಸಾಲದ ಅರ್ಜಿಯಲ್ಲಿ ಇರುವುದೇ ಇಲ್ಲ. ರೊಟ್ಟಿ ಕೇಂದ್ರಗಳು ಮುಚ್ಚುವುದು ರೊಟ್ಟಿ ಖರ್ಚಾಗದೆ ಅಂತ ಜನ ತಿಳಿದಿದ್ದಾರೆ. ಖರ್ಚಾಗಿಯೂ ಜೋಳ ತರಲು ರೊಕ್ಕ ಇಲ್ಲದೆ ನಿಲ್ಲುವುದೇ ಹೆಚ್ಚು. ಅಂಗಡಿಗೆ ಮೊದಲ ದಿನವೇ ಹೇಳಿಬಿಡಿ: ಹೊಸ ಮಾಲು ಇಳಿಸುವಾಗ ಹಿಂದಿನ ಮಾಲಿನ ದುಡ್ಡು. ಒಪ್ಪದ ಅಂಗಡಿಗೆ 20 ರೊಟ್ಟಿಗಿಂತ ಹೆಚ್ಚು ಹಾಕಬೇಡಿ.

ಒಣಗುವುದು, ಬೂಸು ಹಿಡಿಯುವುದು

ಖಡಕ್ ರೊಟ್ಟಿ ವಾಪಸ್ ಬರುವ ಕಾರಣ ಎರಡೇ: ಒಡೆದದ್ದು, ಬೂಸು ಹಿಡಿದದ್ದು. ಎರಡನೆಯದನ್ನು ತಕ್ಕಡಿ ಹಿಡಿದು ತಡೆಯಬಹುದು. 90 ಗ್ರಾಂ ಉಂಡಿಯಲ್ಲಿ ಹಿಟ್ಟು 47 ಗ್ರಾಂ, ಉಳಿದದ್ದು ನೀರು. ಹಿಟ್ಟಿನ ಸ್ವಂತ ತೇವವನ್ನೂ ಲೆಕ್ಕ ಹಿಡಿದರೆ ಚೆನ್ನಾಗಿ ಒಣಗಿದ ರೊಟ್ಟಿ 44ರಿಂದ 46 ಗ್ರಾಂ ತೂಗಬೇಕು. 50 ತೂಗಿದರೆ ಒಳಗೆ ನೀರಿದೆ, ಮುರಿದಾಗ ಪಟ್ ಅಂದರೂ ನಂಬಬೇಡಿ, ನಡುಭಾಗ ಮೆತ್ತಗಿರುತ್ತದೆ. ಪ್ರತಿ ಸರತಿಯಲ್ಲೂ ಐದು ರೊಟ್ಟಿ ತೂಗಿ ವಹಿಯಲ್ಲಿ ಬರೆಯಿರಿ.

ಒಣಗಿಸುವ ದಾರಿ ಹಳೆಯದೇ: ಬೆಂದ ರೊಟ್ಟಿಯನ್ನು ಹಂಚಿನ ಬಿಸಿಗೆ ಓರೆಯಾಗಿ ನಿಲ್ಲಿಸಿ, ಆಮೇಲೆ ಬಿದಿರಿನ ಬುಟ್ಟಿಯಲ್ಲಿ ಗಾಳಿಗೆ. ಬೇಸಿಗೆಯಲ್ಲಿ ಇದು ಸಲೀಸು. ಜುಲೈ-ಆಗಸ್ಟಿನ ಜಿಟಿಜಿಟಿಯಲ್ಲಿ ಒಣಗಿದ್ದೂ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆಗ ಟ್ರೇ ಡ್ರೈಯರ್ ಬೇಕು, ಇಲ್ಲವೇ ಉತ್ಪತ್ತಿ ಇಳಿಸಿ ಬಿಸಿ ರೊಟ್ಟಿಯ ಆರ್ಡರ್‌ಗೆ ತಿರುಗಬೇಕು. ಬಿಸಿ ಇರುವಾಗಲೇ ಕವರಿಗೆ ತುಂಬಿದರೆ ಒಳಗೆ ಬೆವರು, ಮೂರನೇ ದಿನಕ್ಕೆ ಹಸಿರು ಚುಕ್ಕೆ. ಪೂರ್ತಿ ಆರಲು ಬಿಡಿ. ಹತ್ತು ರೊಟ್ಟಿಯ ಅಡಿಗೂ ಮೇಲೂ ಗುಂಡು ರಟ್ಟು ಇಟ್ಟು ಬಿಗಿಯಾಗಿ ಸೀಲ್ ಮಾಡಿದರೆ ಬಸ್ ಪಾರ್ಸಲ್ಲಿನಲ್ಲಿ ಬೆಂಗಳೂರಿಗೆ ಹೋದರೂ ಪುಡಿಯಾಗುವುದು ಕಡಿಮೆ. ಸಡಿಲ ಇದ್ದರೆ ಹೊಸಪೇಟೆ ದಾಟುವ ಮುಂಚೆಯೇ ಚೂರು.

ಖಾನಾವಳಿಗೆ ಮೆತ್ತನೆ ಬಿಸಿ ರೊಟ್ಟಿ ಹಾಕುವ ಯೋಚನೆ ಇದ್ದರೆ ಒಂದು ಮಾತು. ಕೈಯಲ್ಲಿ ತಟ್ಟಿದ್ದು ಉಬ್ಬಿ ಎರಡು ಪದರಾಗುವ ಚೆಂದ ಮಷೀನಿನದಕ್ಕೆ ಪೂರ್ತಿ ಬರುವುದಿಲ್ಲ. ಎಣ್ಣೆಗಾಯಿ, ಪುಂಡಿಪಲ್ಯದ ಜೊತೆ ದಿನಾ ಉಣ್ಣುವವರು ಮೊದಲ ತುತ್ತಿಗೇ ಗುರುತಿಸುತ್ತಾರೆ. ಖಡಕ್‌ಗೆ ಈ ಮಷೀನಿಗೆ ಐದಕ್ಕೆ ನಾಲ್ಕು ಕೊಡಬಹುದು, ಬಿಸಿ ರೊಟ್ಟಿಗೆ ಎರಡೇ.

ಹಾಗೆಯೇ, ಜನವರಿಯ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ಮಾರುಕಟ್ಟೆ ಎಂದು ಲೆಕ್ಕ ಹಾಕುವ ಹೊಸಬರಿದ್ದಾರೆ. ಅಲ್ಲಿಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಭಕ್ತಿಯಿಂದ ಬಂದು ಬೀಳುತ್ತದೆ. ನೀವೂ ಒಂದು ಬುಟ್ಟಿ ಒಪ್ಪಿಸಿ ಬನ್ನಿ, ಮಾರುವ ಜಾಗ ಅದಲ್ಲ. ಸುತ್ತಮುತ್ತ ಎಲ್ಲರ ಮನೆಯಲ್ಲೂ ರೊಟ್ಟಿ ಬಡಿಯುವ ಆ ದಿನಗಳಲ್ಲಿ ಊರ ಅಂಗಡಿಯ ಖರ್ಚೂ ಇಳಿಯಬಹುದೆಂದು ಹಿಡಿದು ಕಾಲೇಜು ಹಾಸ್ಟೆಲ್, ಮದುವೆ ಅಡುಗೆಯವರು, ಬೆಂಗಳೂರಿನ ಉತ್ತರ ಕರ್ನಾಟಕದ ಅಂಗಡಿಗಳ ಆರ್ಡರ್ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಕಾಗದಪತ್ರ, ಸಬ್ಸಿಡಿ

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್ಲಿನಲ್ಲಿ ಉಚಿತ, ದುಡ್ಡು ಕೇಳುವ ವೆಬ್‌ಸೈಟುಗಳು ಮಧ್ಯವರ್ತಿಗಳವು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಫಾಸ್ಕಾಸ್ ಪೋರ್ಟಲ್ಲಿನಲ್ಲಿ; ಸಿಕ್ಕ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಬರಬೇಕು. ಅದರ ಜೊತೆ ಪದಾರ್ಥಗಳು, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ತಯಾರಿಸಿದವರ ಪೂರ್ತಿ ವಿಳಾಸ, ದೂರಿಗೆ ಫೋನ್ ನಂಬರು, ಸಸ್ಯಾಹಾರದ ಹಸಿರು ಗುರುತು. '10 ರೊಟ್ಟಿ' ಎಂದಷ್ಟೇ ಬರೆದರೆ ಸಾಲದು, ತೂಕ ಬೇಕು. ತಕ್ಕಡಿ ಮೊದಲು ಕೊಳ್ಳಿ ಎಂದದ್ದು ಇದಕ್ಕೂ ಸೇರಿ.

ರೊಟ್ಟಿ, ಚಪಾತಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೂನ್ಯ. ಖುಷಿಯ ಸುದ್ದಿಯೇ, ಆದರೆ ಅದಕ್ಕೊಂದು ಬಾಲ ಇದೆ: ಮಾರುವ ಮಾಲಿಗೆ ತೆರಿಗೆ ಇಲ್ಲದ ಮೇಲೆ ಮಷೀನಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಪಡೆಯಲು ಬರುವುದಿಲ್ಲ. ಕೊಟೇಶನ್ ಕೇಳುವಾಗ ತೆರಿಗೆ, ಸಾಗಣೆ, ಜೋಡಣೆ ಎಲ್ಲ ಸೇರಿದ ಬೆಲೆಯನ್ನೇ ಹೋಲಿಸಿ.

ಕಿರು ಆಹಾರ ಸಂಸ್ಕರಣೆಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಲೆಕ್ಕದ ಸಬ್ಸಿಡಿ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಅದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿತು. ಈ ಯೋಜನೆಯ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಕೊಪ್ಪಳಕ್ಕೆ ಇರುವುದು ಪೇರಲ, ರೊಟ್ಟಿಯಲ್ಲ. ಯೋಜನೆಯ ಅವಧಿ 2025-26ರವರೆಗೆ ಇದ್ದದ್ದು. ಆದ್ದರಿಂದ ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ, ರೊಟ್ಟಿ ಘಟಕಕ್ಕೆ ಯಾವ ಷರತ್ತು ಎಂಬುದನ್ನು ಕೃಷಿ ಇಲಾಖೆಯಲ್ಲಿ, ಅರ್ಜಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ಹತ್ತಿರ ಮೊದಲು ಕೇಳಿ. ಇನ್ನೊಂದು ದಾರಿ ಸ್ವಂತ ಉದ್ಯೋಗಕ್ಕೆ ಸಾಲ-ಸಬ್ಸಿಡಿ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆ, ಅದು ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ; ಅದಕ್ಕೂ ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಕೇಳಿ: ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು ಮುಂತಾದವರಿಗೆ ಶೇ 35.

ಎರಡರಲ್ಲೂ ಹುಡುಗರು ಎಡವುವ ಜಾಗ ಒಂದೇ. ಸಬ್ಸಿಡಿ ನಗದಾಗಿ ಕೈಗೆ ಬರುವುದಿಲ್ಲ. ಸಾಲದ ಖಾತೆಗೆ ಜೋಡಿಸಿ ಬ್ಯಾಂಕು ಮೂರು ವರ್ಷ ಹಿಡಿದಿಟ್ಟುಕೊಳ್ಳುತ್ತದೆ. ಕಂತು ತಪ್ಪದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಹೊಂದಿಸುತ್ತಾರೆ. ಸಾಲ ಮಂಜೂರಾಗುವ ಮುಂಚೆ ಕೈಯಿಂದ ದುಡ್ಡು ಕೊಟ್ಟು ಮಷೀನ್ ತಂದು ಆಮೇಲೆ ಬಿಲ್ ಹಿಡಿದು ಹೋದರೆ ಕೆಲಸ ಆಗುವುದಿಲ್ಲ. ಮತ್ತು ಸಬ್ಸಿಡಿ ಇದೆಯೆಂದು ಮಷೀನಿನ ಬೆಲೆಯನ್ನೇ ಏರಿಸಿ ಕೊಟೇಶನ್ ಕೊಡುವವರಿದ್ದಾರೆ. ಒಂದೇ ಮಷೀನಿಗೆ 'ಸಾಲಕ್ಕಾದರೆ ಒಂದು ರೇಟು, ರೊಕ್ಕಕ್ಕಾದರೆ ಒಂದು ರೇಟು' ಎಂದು ಕೇಳಿಬಂದರೆ ಆ ಅಂಗಡಿಯಿಂದ ಎದ್ದು ಬನ್ನಿ. ಹೆಚ್ಚಿನ ಸಾಲದ ಬಡ್ಡಿ ಕಟ್ಟುವವರು ನೀವು.

ಕರೆಂಟು, ರಿಪೇರಿ

ಗೃಹಜ್ಯೋತಿ ಮನೆಬಳಕೆಗೆ ಮಾತ್ರ. ರೊಟ್ಟಿ ಕೇಂದ್ರಕ್ಕೆ ಜೆಸ್ಕಾಂನಿಂದ ಬೇರೆ ಮೀಟರು ತೆಗೆದುಕೊಳ್ಳಿ. ಬ್ಯಾಂಕಿನವರು ನೋಡಲು ಬಂದಾಗಲೂ ಅದನ್ನೇ ಕೇಳುತ್ತಾರೆ. ಬೇಸಿಗೆಯ ಸಂಜೆ ವೋಲ್ಟೇಜು ಬಿದ್ದಾಗ ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಬೇಕು, ಒಂದೆರಡು ನಿಮಿಷದಲ್ಲಿ ವೈಂಡಿಂಗ್ ಸುಡುತ್ತದೆ. ವೋಲ್ಟೇಜು ಸರಿಯಿದ್ದೂ ಗುಂಯ್‌ಗುಟ್ಟಿದರೆ ಬಹುತೇಕ ಕೆಪಾಸಿಟರು ಹೋಗಿರುತ್ತದೆ. ಸಣ್ಣ ಬೆಲೆಯ ಸಾಮಾನು, ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ಬೆಳಗಿನ 5ಕ್ಕೆ ಶುರುಮಾಡಿ 11ಕ್ಕೆ ಮುಗಿಸಿದರೆ ಕರೆಂಟಿನ ತೊಂದರೆಯೂ ಕಡಿಮೆ. ಏಪ್ರಿಲ್-ಮೇ ಬಿಸಿಲಲ್ಲಿ ನಾಲ್ಕು ಒಲೆಯ ಮುಂದೆ ಮಧ್ಯಾಹ್ನ ಯಾರೂ ನಿಲ್ಲಲಾರರು; ಎಕ್ಸಾಸ್ಟ್ ಫ್ಯಾನು ಇಲ್ಲದ ಕೋಣೆಯನ್ನು ಬಾಡಿಗೆಗೆ ಹಿಡಿಯಬೇಡಿ.

ದಿನದ ಕೊನೆಗೆ ರೋಲರು ಬಿಚ್ಚಿ ಮೊದಲು ಒಣ ಬ್ರಷ್ಷು, ಆಮೇಲೆ ಒದ್ದೆ ಬಟ್ಟೆ. ಮೊದಲೇ ನೀರು ಸುರಿದರೆ ಹಿಟ್ಟು ಅಂಟಾಗಿ ಬೇರಿಂಗಿನ ಸಂದಿಗೆ ಇಳಿಯುತ್ತದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಾಗಬೇಕು. ಹೆಚ್ಚು ಬಾಗಿದರೆ ಉಂಡಿ ಸಿಕ್ಕಾಗ ತಟ್ಟೆ ನಿಲ್ಲುತ್ತದೆ, ಬಾಗದಿದ್ದರೆ ಬೇರಿಂಗು ಸವೆಯುತ್ತದೆ. ರೋಲರಿನ ಪಕ್ಕಕ್ಕೆ ಹಾಕುವ ಗ್ರೀಸು ಆಹಾರ ದರ್ಜೆಯದಿರಲಿ, ಟ್ರ್ಯಾಕ್ಟರಿಗೆ ಹಾಕುವುದು ಬೇಡ.

ಮಷೀನ್ ಮನೆಗೆ ಬಂದ ದಿನವೇ ಬೆಲ್ಟಿನ ಮೇಲಿನ ಅಳತೆ, ಬೇರಿಂಗಿನ ನಂಬರು, ಕೆಪಾಸಿಟರಿನ ಅಂಕಿ ಫೋಟೊ ತೆಗೆದಿಟ್ಟುಕೊಳ್ಳಿ. ಈ ಮೂರು ಗೊತ್ತಿದ್ದರೆ ಕೊಪ್ಪಳದ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನು ಹುಡುಕಬಹುದು, ಕಂಪನಿಯವನ ಫೋನಿಗೆ ಕಾಯಬೇಕಿಲ್ಲ. ಬಿಲ್ಲಿನ ಮೇಲೆ ಬರೆಸಬೇಕಾದದ್ದು: ಸ್ಟೀಲಿನ ದರ್ಜೆ, ಮೋಟಾರಿನ ಎಚ್‌ಪಿ ಮತ್ತು ಸೀರಿಯಲ್ ನಂಬರು, ವಾರಂಟಿ ಮೋಟಾರಿಗೆ ಎಷ್ಟು ತಿಂಗಳು, ರೋಲರಿಗೆ ಎಷ್ಟು ತಿಂಗಳು, ರಿಪೇರಿಗೆ ಅವರು ಊರಿಗೆ ಬರುತ್ತಾರೋ ನೀವು ಹೊತ್ತುಕೊಂಡು ಹೋಗಬೇಕೋ. ಕೊನೆಯದನ್ನು ಬಾಯಲ್ಲಿ ಎಲ್ಲರೂ ಒಪ್ಪುತ್ತಾರೆ, ಬರೆದು ಕೊಡಿ ಅಂದಾಗ ಪೆನ್ನು ಸಿಗುವುದಿಲ್ಲ.